ಮಗನ ತೂಕ ಜಾಸ್ತಿ ಇದೆ, ಲ್ಯುಕೇಮಿಯಾ ಚಿಕಿತ್ಸೆ ಫಲಿಸುತ್ತದೆಯೇ?

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಊರು. ಮಗನಿಗೆ 12 ವರ್ಷ. ಆರು ವಾರದ ಹಿಂದೆ ಎ.ಎಲ್‌.ಎಲ್‌. ಅನ್ನುವ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು, ಬೆಳಗಾವಿಯಲ್ಲಿ ಚಿಕಿತ್ಸೆ ನಡೆದಿದೆ. ಆಗ ಎತ್ತರ 148 ಸೆಂ.ಮೀ., ತೂಕ 56 ಕೆ.ಜಿ. ಇತ್ತು. ಮೊದಲ ತಿಂಗಳ ಔಷಧಿ ಮುಗಿಯುವಷ್ಟರಲ್ಲಿ 61 ಆಗಿದೆ. ‘ತೂಕ ಜಾಸ್ತಿ ಇರುವ ಮಕ್ಕಳಲ್ಲಿ ರೋಗ ಮರಳುವ ಸಾಧ್ಯತೆ ಸ್ವಲ್ಪ ಹೆಚ್ಚು, ನೋಡಿಕೊಳ್ಳಿ’ ಅಂತ ಡಾಕ್ಟರು ಹೇಳಿದಾಗಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ. ನಾವೇ ತಿನ್ನಿಸಿ ತಿನ್ನಿಸಿ ಈ ರೋಗ ತಂದೆವಾ? ಈಗ ಊಟ ಕಡಿಮೆ ಮಾಡಬೇಕಾ? ಔಷಧಿಯೂ ಅವನಿಗೆ ಜಾಸ್ತಿ ಜಾಸ್ತಿ ಕೊಡುತ್ತಿದ್ದಾರೆ, ತಡೆದೀತಾ? ನಮ್ಮತ್ತೆ ಮಾತ್ರ ‘ಬ್ಯಾನಿ ಬಿದ್ದ ಕೂಸಿಗೆ ಉಪವಾಸ ಕೆಡವ್ತೀಯೇನು’ ಅಂತ ದಿನಾ ಜಗಳ. ಮುಂದಿನ ತಿಂಗಳು ಮಗನ ಹುಟ್ಟುಹಬ್ಬ. ಅಮೀನಗಡದ ಕರದಂಟು ಬೇಕು ಅಂತ ಈಗಲೇ ಹಟ ಹಿಡಿದಿದ್ದಾನೆ. ಕೊಡಬಹುದಾ?

ಉತ್ತರ: ನಿದ್ದೆ ಕೆಡಿಸಿದ ಪ್ರಶ್ನೆ ಮೊದಲು. ಇಲ್ಲ ತಾಯಿ, ನೀವು ತಿನ್ನಿಸಿದ್ದರಿಂದ ಈ ರೋಗ ಬಂದಿಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣ ತಯಾರಾಗುವಾಗ ಯಾವುದೋ ಒಂದು ಕಣದ ಜೀನ್‌ಗಳಲ್ಲಿ ತಪ್ಪಾಗುತ್ತದೆ. ಆ ಕಣ ಬಲಿಯುವುದೇ ಇಲ್ಲ. ಎಳೆಯದಾಗಿಯೇ ಉಳಿದು ತನ್ನಂಥವನ್ನೇ ಕೋಟಿಗಟ್ಟಲೆ ಹುಟ್ಟಿಸುತ್ತದೆ. ಕೆಲವು ಮಕ್ಕಳಲ್ಲಿ ಮೊದಲ ತಪ್ಪು ಅವ್ವನ ಹೊಟ್ಟೆಯಲ್ಲಿರುವಾಗಲೇ ಆಗಿರುತ್ತದೆ. ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆ ನೋಡಿರುತ್ತೀರಿ. ಎಲುಬು ಎಣಿಸುವ ಹಾಗಿರುವ ಮಕ್ಕಳೂ ಇದೇ ರೋಗಕ್ಕೆ ಮಲಗಿರುತ್ತಾರೆ, ಅಲ್ವಾ?

ನಿಮ್ಮ ಡಾಕ್ಟರು ಹೇಳಿದ್ದು ಬೇರೆ ಮಾತು. ಬಂದ ರೋಗಕ್ಕೆ ಔಷಧಿ ಎಷ್ಟು ಚೆನ್ನಾಗಿ ನಾಟುತ್ತದೆ ಅನ್ನೋದರಲ್ಲಿ ತೂಕಕ್ಕೂ ಒಂದು ಪಾಲಿದೆ. ದೊಡ್ಡ ಪಾಲಲ್ಲ, ಆದರೆ ಇದೆ. ಮತ್ತೆ ಅದು ತಿದ್ದಲಿಕ್ಕೆ ಬರುವಂಥದ್ದು. ನಿಮ್ಮ ಮಗ ಈಗ ಸರಿಯಾಗಿ ಆ ತಿದ್ದುವ ಹಂತದಲ್ಲೇ ಇದ್ದಾನೆ. ಯಾಕೆ ಹಾಗಂತೀನಿ ಅನ್ನೋದನ್ನು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ. 56 ಕೆ.ಜಿ.ಯನ್ನು ಮೀಟರಿನಲ್ಲಿರುವ ಎತ್ತರ 1.48ರಿಂದ ಎರಡು ಸಲ ಭಾಗಿಸಿದರೆ 25.6 ಬರುತ್ತದೆ. ಇದು ಬಿ.ಎಂ.ಐ. ಈಗಿನ 61 ಕೆ.ಜಿ.ಗೆ 27.8. ದೊಡ್ಡವರಿಗೆ 25.6 ಅಂದರೆ ‘ಸ್ವಲ್ಪ ದಪ್ಪ’ ಅಂದು ಸುಮ್ನಾಗುತ್ತೇವೆ. ಮಕ್ಕಳ ಪಟ್ಟಿ ಬೇರೆ, ವಯಸ್ಸಿನ ಜೊತೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 12 ವರ್ಷದ ಹುಡುಗನಿಗೆ ಸುಮಾರು 20 ದಾಟಿದರೆ ಅತಿತೂಕ, 23 ದಾಟಿ 24ರ ಹತ್ತಿರ ಹೋದರೆ ಬೊಜ್ಜು. ಅಂದರೆ ರೋಗ ಗೊತ್ತಾದ ದಿನವೇ ನಿಮ್ಮ ಮಗ ಆ ಗೆರೆ ದಾಟಿದ್ದ. ಬಾಗಲಕೋಟೆ ಕಡೆ ಇದನ್ನು ಹೇಳಿ ಒಪ್ಪಿಸೋದು ಬಹಳ ಕಷ್ಟ. ‘ಮೈ ತುಂಬಿಕೊಂಡಾನ, ಛಲೋ ಅದಾನ’ ಅಂತಾರೆ. ಕಂಡವರೆಲ್ಲ ಹೊಗಳಿದ ಮೈ ಅದು. ಅದನ್ನು ಬೊಜ್ಜು ಅಂದರೆ ಅತ್ತೆಯವರಿಗೆ ಸಿಟ್ಟು ಬರೋದು ಸಹಜ.

ಆಮೇಲೆ ಏರಿದ 5 ಕೆ.ಜಿ. ಎಲ್ಲಾ ಕೊಬ್ಬಲ್ಲ. ಮೊದಲ ತಿಂಗಳು, ನಾವು ಇಂಡಕ್ಷನ್ ಅಂತೀವಲ್ಲ, ಅದರಲ್ಲಿ ದಿನವೂ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತೇವೆ. ಅದು ಮೈಯಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ. ಕೆನ್ನೆ ಪೂರಿಯಂತೆ ಉಬ್ಬಿದ್ದು ಅದರಿಂದಲೇ. ಸ್ಟೀರಾಯ್ಡ್ ನಿಂತ ಮೇಲೆ ಆ ಭಾಗ ತಾನಾಗಿಯೇ ಇಳಿಯುತ್ತದೆ. ಉಳಿದದ್ದು ನಿಜವಾದ ಕೊಬ್ಬು, ಅದು ತಾನಾಗಿ ಹೋಗುವುದಿಲ್ಲ.

ಈಗ ತೂಕಕ್ಕೂ ಫಲಿತಾಂಶಕ್ಕೂ ಇರುವ ನಂಟು. ಅಮೆರಿಕದ ಚಿಲ್ಡ್ರನ್ಸ್ ಕ್ಯಾನ್ಸರ್ ಗ್ರೂಪ್‌ನ ಪ್ರಯೋಗಗಳಲ್ಲಿ 1988ರಿಂದ 1995ರವರೆಗೆ ಚಿಕಿತ್ಸೆ ಪಡೆದ 4,260 ಮಕ್ಕಳ ದಾಖಲೆಗಳನ್ನು ತೆಗೆದು ನೋಡಿದ ವರದಿ 2007ರಲ್ಲಿ ಬಂತು. ಐದು ವರ್ಷ ರೋಗ ಮರಳದೆ ಬದುಕಿದವರು ಬೊಜ್ಜಿಲ್ಲದ ಮಕ್ಕಳಲ್ಲಿ 100ಕ್ಕೆ 77, ಬೊಜ್ಜಿರುವವರಲ್ಲಿ 72. ಒಡೆದು ನೋಡಿದಾಗ ಈ ವ್ಯತ್ಯಾಸ ಹೆಚ್ಚು ಕಂಡದ್ದು 10 ವರ್ಷ ದಾಟಿದವರಲ್ಲಿ. ಹತ್ತರೊಳಗಿನ ಚಿಕ್ಕ ಮಕ್ಕಳಲ್ಲಿ ಅಂಥ ಫರಕು ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ್ದೇ ಸೇಂಟ್ ಜ್ಯೂಡ್ ಮಕ್ಕಳ ಆಸ್ಪತ್ರೆಯವರು ತಮ್ಮ 621 ಮಕ್ಕಳನ್ನು ನೋಡಿ, ತೂಕದಿಂದ ಏನೂ ವ್ಯತ್ಯಾಸ ಇಲ್ಲ ಅಂದಿದ್ದರು. ಇಬ್ಬರಲ್ಲಿ ಯಾರು ಸರಿ ಅಂತ ನನ್ನನ್ನು ಕೇಳಿದರೆ, ಸೇಂಟ್ ಜ್ಯೂಡ್‌ನ ಲೆಕ್ಕ ಸುಳ್ಳಲ್ಲ, ಆದರೆ ಚಿಕ್ಕದು ಅನ್ನುತ್ತೇನೆ. ಅಲ್ಲಿಂದೀಚೆಗೆ ಬಂದ ವರದಿಗಳು ಹೆಚ್ಚಾಗಿ ಮೊದಲ ಮಾತಿನ ಕಡೆಗೇ ವಾಲಿವೆ.

ನೆನಪಿಡಬೇಕಾದ ಇನ್ನೊಂದು ಮಾತು. 77, 72 ಅನ್ನೋದು ಆ ಕಾಲದ ಔಷಧಿಗಳ ಲೆಕ್ಕ. 1960ರ ಸುಮಾರಿಗೆ ಈ ರೋಗದಿಂದ ಬದುಕುತ್ತಿದ್ದವರು ಹತ್ತರಲ್ಲಿ ಒಬ್ಬರು. ಈಗ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ತೂಕದಿಂದ ಆಗುವ ಫರಕು ಆ ದೊಡ್ಡ ಗೆಲುವಿನೊಳಗಿನ ಚಿಕ್ಕ ಏರುಪೇರು. ಕೆಲವರು ಐದರ ವ್ಯತ್ಯಾಸ ಕೇಳಿ, ಮಗು ಕೈಬಿಟ್ಟೇ ಹೋಯಿತು ಅನ್ನುವ ಹಾಗೆ ಅಳುತ್ತಾರೆ.

2014ರಲ್ಲಿ ಎರಡು ವರದಿ ಬಂದವು. ಎರಡೂ ನಿಮ್ಮ ಮಗನಿಗೆ ತಾಗುವಂಥವು. ಮೊದಲನೆಯದು ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆಯದು. ಇಂಡಕ್ಷನ್ ಮುಗಿದ ಮೇಲೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಎಂ.ಆರ್.ಡಿ. ಅನ್ನೋ ಪರೀಕ್ಷೆ ಮಾಡಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕಾಣದಷ್ಟು ಕಡಿಮೆ ರೋಗದ ಕಣ ಉಳಿದಿದ್ದರೂ ಅದು ಹಿಡಿಯುತ್ತದೆ. ಹತ್ತು ಸಾವಿರ ಕಣಗಳಲ್ಲಿ ಒಂದು, ಅಂದರೆ ಶೇ 0.01, ಅಲ್ಲಿಗೆ ನಾವು ಗೆರೆ ಎಳೆಯುತ್ತೇವೆ. ಬೊಜ್ಜಿರುವ ಮಕ್ಕಳಲ್ಲಿ ಆ ಗೆರೆಯ ಮೇಲೆ ರೋಗ ಉಳಿದಿರುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು. ನಿಮ್ಮ ಮಗನ ಎಂ.ಆರ್.ಡಿ. ಎಷ್ಟು ಬಂತು ಅಂತ ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ. ತೂಕದ ಚಿಂತೆಗಿಂತ ಆ ಒಂದು ಅಂಕಿ ನೂರು ಪಾಲು ಮುಖ್ಯ. ಅದು ನೆಗೆಟಿವ್, ಅಂದರೆ ಆ ಗೆರೆಯ ಕೆಳಗೆ, ಬಂದಿದ್ದರೆ ಅರ್ಧ ಭಾರ ಇಳಿದಂತೆ. ನೆಗೆಟಿವ್ ಬಂದಿಲ್ಲದಿದ್ದರೆ ಡಾಕ್ಟರು ಮುಂದಿನ ಔಷಧಿಯನ್ನು ಇನ್ನೂ ಗಟ್ಟಿ ಮಾಡುತ್ತಾರೆ. ಅದಕ್ಕೆಂದೇ ಆ ಪರೀಕ್ಷೆ ಮಾಡೋದು.

ಎರಡನೆಯ ವರದಿ ನನಗೆ ಹೆಚ್ಚು ಇಷ್ಟ. ಸುಮಾರು 2,000 ಮಕ್ಕಳ ತೂಕವನ್ನು ಒಂದು ದಿನಕ್ಕಲ್ಲ, ಚಿಕಿತ್ಸೆಯ ಉದ್ದಕ್ಕೂ ನೋಡಿದರು. ಇಂಡಕ್ಷನ್ ಮುಗಿದು, ಮೇಂಟೆನೆನ್ಸ್ ಅನ್ನುವ ಕೊನೆಯ ಉದ್ದ ಹಂತ ಶುರುವಾಗುವ ತನಕದ ತಿಂಗಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಬೊಜ್ಜಿನಲ್ಲೇ ಇದ್ದವರಿಗೆ ಫಲಿತಾಂಶ ಕೆಟ್ಟಿತು. ಆದರೆ ಮೊದಲ ದಿನ ಬೊಜ್ಜಿದ್ದು, ಈ ತಿಂಗಳುಗಳಲ್ಲಿ ತೂಕ ಸರಿದಾರಿಗೆ ಬಂದವರು? ಅವರ ಫಲಿತಾಂಶ ಎಂದೂ ದಪ್ಪ ಇಲ್ಲದ ಮಕ್ಕಳ ಹಾಗೆಯೇ ಇತ್ತು. ನೀವು ಬರೆದ ದಿನಕ್ಕೆ ನಿಮ್ಮ ಮಗ ಆರನೇ ವಾರದಲ್ಲಿದ್ದಾನೆ. ಆ ಕಿಟಕಿ ಈಗಷ್ಟೇ ತೆರೆದಿದೆ, ಇನ್ನೂ ಆರೆಂಟು ತಿಂಗಳು ತೆರೆದಿರುತ್ತದೆ.

ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಅತ್ತೆಯವರಿಗೆ ಓದಿ ಹೇಳಿ. ಆ ತಿಂಗಳುಗಳಲ್ಲಿ ತೀರ ಸೊರಗಿದ್ದ ಮಕ್ಕಳ ಗತಿ ದಪ್ಪ ಮಕ್ಕಳಿಗಿಂತಲೂ ಕೆಟ್ಟದಾಗಿತ್ತು. ಆದ್ದರಿಂದ ಅವರು ಹೆದರುವುದರಲ್ಲಿ ಅರ್ಥ ಇದೆ. ನಮ್ಮ ಉತ್ತರ ಕರ್ನಾಟಕದ ವಾರ್ಡುಗಳಲ್ಲಿ ನಾವು ದಿನಾ ಒದ್ದಾಡೋದು ದಪ್ಪ ಮಕ್ಕಳ ಜೊತೆಗಲ್ಲ, ಸೊರಗಿದ ಮಕ್ಕಳ ಜೊತೆ. ನಂಜು ಏರಿ ಕೈತಪ್ಪುವವರು ಹೆಚ್ಚಾಗಿ ಅವರೇ. ಹಾಗಾಗಿ ನಾನು ಇಲ್ಲಿ ಬರೆಯುತ್ತಿರುವುದು ನಿಮ್ಮ ಮಗನಿಗೆ ಮಾತ್ರ. ಪಕ್ಕದ ಹಾಸಿಗೆಯ ಅವ್ವ ಇದನ್ನು ಕೇಳಿ ತನ್ನ ಮಗುವಿನ ಊಟ ಕಡಿಮೆ ಮಾಡಿದರೆ ಅನಾಹುತ.

ಕೊಬ್ಬು ಮಾಡುವುದಾದರೂ ಏನು? ಕೊಬ್ಬು ಅಂದರೆ ಸುಮ್ಮನೆ ತುಂಬಿಟ್ಟ ಎಣ್ಣೆ ಡಬ್ಬಿ ಅಂತ ನಾವೂ ಹಿಂದೆ ತಿಳಿದಿದ್ದೆವು. ಹಾಗಲ್ಲ, ಅದು ಜೀವಂತ ಕಣ, ಸುತ್ತಲಿನವರ ಜೊತೆ ಲೇವಾದೇವಿ ನಡೆಸುವ ಕಣ. ಲ್ಯಾಬಿನಲ್ಲಿ ಒಂದೇ ತಟ್ಟೆಯಲ್ಲಿ ಲ್ಯುಕೇಮಿಯಾ ಕಣ ಮತ್ತು ಕೊಬ್ಬಿನ ಕಣ ಬೆಳೆಸಿ ಔಷಧಿ ಹಾಕಿ ನೋಡಿದ್ದಾರೆ. ಕೊಬ್ಬಿನ ಕಣ ಜೊತೆಗಿದ್ದಾಗ ಲ್ಯುಕೇಮಿಯಾ ಕಣ ಕಡಿಮೆ ಸಾಯುತ್ತದೆ. ಡೌನೊರುಬಿಸಿನ್ ಅನ್ನುವ ಕೆಂಪು ಔಷಧಿ ನೋಡಿದ್ದೀರಲ್ಲ, ಅದನ್ನು ಕೊಬ್ಬಿನ ಕಣ ತಾನೇ ಹೀರಿಕೊಂಡು ಒಡೆದು ಹಾಕುತ್ತದೆ. ಪಕ್ಕದಲ್ಲಿರುವ ಕಳ್ಳನಿಗೆ ಪೆಟ್ಟು ಬೀಳುವುದೇ ಇಲ್ಲ.

ಆಸ್ಪರಾಜಿನೇಸ್‌ದು (ಇದು ಇನ್ನೊಂದು ಇಂಜೆಕ್ಷನ್) ಇನ್ನೂ ಸೊಗಸಾದ ಕತೆ. ಮೈಯ ಉಳಿದ ಕಣಗಳು ಆಸ್ಪರಜಿನ್ ಅನ್ನುವ ಪದಾರ್ಥವನ್ನು ತಾವೇ ಮಾಡಿಕೊಳ್ಳುತ್ತವೆ. ಲ್ಯುಕೇಮಿಯಾ ಕಣಕ್ಕೆ ಅದು ಸರಿಯಾಗಿ ಬರುವುದಿಲ್ಲ, ರಕ್ತದಲ್ಲಿ ತೇಲುವುದನ್ನು ಎತ್ತಿಕೊಂಡು ಬದುಕುತ್ತದೆ. ಈ ಇಂಜೆಕ್ಷನ್ ರಕ್ತದಲ್ಲಿರುವ ಆಸ್ಪರಜಿನ್ ಪೂರ್ತಿ ಕರಗಿಸಿಬಿಡುತ್ತದೆ. ಸಂತೆಯೇ ಬಂದ್ ಮಾಡಿ ಹಸಿವಿನಿಂದ ಕೊಲ್ಲುವ ಉಪಾಯ. ಆಗ ಪಕ್ಕದ ಕೊಬ್ಬಿನ ಕಣ ಹಿಂಬಾಗಿಲಿನಿಂದ ಗ್ಲುಟಮಿನ್ ಅನ್ನುವ ಇನ್ನೊಂದು ಬುತ್ತಿ ಕಟ್ಟಿ ಕೊಡುತ್ತದೆ. ಮೂಳೆಯ ಮಜ್ಜೆಯಲ್ಲೂ ಕೊಬ್ಬಿನ ಕಣಗಳಿವೆ ಅನ್ನುವುದನ್ನು ಮರೆಯಬೇಡಿ. ಕಿಮೋ ಕೊಟ್ಟು ಮಜ್ಜೆ ಖಾಲಿಯಾದಾಗ ಆ ಜಾಗ ತುಂಬುವುದೂ ಅವೇ. ಇವೆಲ್ಲ ಬಹುಪಾಲು ತಟ್ಟೆಯಲ್ಲಿ ಮತ್ತು ಇಲಿಯಲ್ಲಿ ಕಂಡ ಸತ್ಯ. ಮಗುವಿನ ಮೈಯಲ್ಲಿ ಇದರಲ್ಲಿ ಎಷ್ಟೆಷ್ಟು ನಡೆಯುತ್ತದೆ ಎಂದು ತೂಗಿ ಹೇಳುವಂತಿಲ್ಲ. ಆದರೆ ಮಕ್ಕಳ ಲೆಕ್ಕವೂ ಇಲಿಯ ಲೆಕ್ಕವೂ ಒಂದೇ ದಿಕ್ಕಿಗೆ ಕೈತೋರಿಸಿದಾಗ ನಾನು ಅದನ್ನು ನಂಬುತ್ತೇನೆ.

ಔಷಧಿ ಜಾಸ್ತಿ ಕೊಡುತ್ತಿದ್ದಾರೆ, ತಡೆದೀತಾ ಅಂತ ಕೇಳಿದ್ದೀರಿ. ದಯವಿಟ್ಟು ಕಡಿಮೆ ಮಾಡಿ ಅಂತ ಯಾರನ್ನೂ ಕೇಳಬೇಡಿ. ಕಿಮೋ ಪ್ರಮಾಣವನ್ನು ಮೈಯ ಮೇಲ್ಮೈ ಅಳತೆಯಿಂದ ತೆಗೆಯುತ್ತಾರೆ. ಎತ್ತರವನ್ನು ತೂಕದಿಂದ ಗುಣಿಸಿ, 3,600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು. 148 ಮತ್ತು 56ಕ್ಕೆ ಸುಮಾರು 1.52 ಚದರ ಮೀಟರ್ ಬರುತ್ತದೆ. ಅದೇ ಎತ್ತರದ 38 ಕೆ.ಜಿ. ಹುಡುಗನಿಗೆ 1.25. ವಿಂಕ್ರಿಸ್ಟಿನ್ ಅನ್ನುವ ಔಷಧಿ ಒಂದು ಚದರ ಮೀಟರಿಗೆ 1.5 ಮಿ.ಗ್ರಾಂ. ಆ ಸಣಕಲು ಹುಡುಗನಿಗೆ 1.9ರ ಹತ್ತಿರ ಬರುತ್ತದೆ, ನಿಮ್ಮವನಿಗೆ 2.3 ಬರಬೇಕು. ಆದರೆ ನರಗಳಿಗೆ ಪೆಟ್ಟಾಗುತ್ತದೆ ಅಂತ ವಿಂಕ್ರಿಸ್ಟಿನ್‌ಗೆ 2 ಮಿ.ಗ್ರಾಂ. ಮೇಲ್ಮಿತಿ ಹಾಕಿದ್ದೇವೆ. ಅಂದರೆ ನಿಮ್ಮ ಮಗನಿಗೆ ಈ ಔಷಧಿ ಮೈ ಲೆಕ್ಕದಲ್ಲಿ ಆಗಲೇ ಸ್ವಲ್ಪ ಕಡಿಮೆಯೇ ಬೀಳುತ್ತಿದೆ! ಉಳಿದವನ್ನೂ ಕಡಿಮೆ ಮಾಡಿದರೆ ರೋಗಕ್ಕೆ ನಾವೇ ದಾರಿ ಬಿಟ್ಟಂತೆ. ನಾನು ಕಲಿಯುತ್ತಿದ್ದ ಕಾಲದಲ್ಲಿ, ಒಂದು ಆಸ್ಪತ್ರೆಯಲ್ಲಿ, ದಪ್ಪ ಮಕ್ಕಳಿಗೆ ‘ಇಷ್ಟು ಯಾಕೆ, ಹೆದರಿಕೆ ಆಗುತ್ತೆ’ ಅಂತ ಲೆಕ್ಕವನ್ನು ಕೆಳಗೆ ಇಳಿಸಿ ಬರೆಯುವ ರೂಢಿ ಇತ್ತು. ನಾನೂ ಹಾಗೆ ಬರೆದಿದ್ದೇನೆ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇವತ್ತಿನ ಮಾತು ಸ್ಪಷ್ಟವಿದೆ: ಇರುವ ತೂಕಕ್ಕೇ ಲೆಕ್ಕ ಹಾಕಿ, ಪೂರ್ತಿ ಕೊಡಿ. ನೀವು ಮಾಡಬೇಕಾದ್ದು ಒಂದೇ. ಹೊಸ ಹಂತ ಶುರುವಾಗುವಾಗ ತೂಕ, ಎತ್ತರ ಎರಡನ್ನೂ ಹೊಸದಾಗಿ ಅಳೆದರಾ ಅಂತ ನೋಡಿ. ಆರು ವಾರದ ಹಿಂದಿನ ಅಂಕಿಯೇ ಕೇಸ್ ಪೇಪರಿನಲ್ಲಿ ಉಳಿದಿರೋದನ್ನು ಎಷ್ಟೋ ಸಲ ಕಂಡಿದ್ದೇನೆ. ಬೆನ್ನಿಗೆ ಕೊಡುವ ಇಂಜೆಕ್ಷನ್ ಮಾತ್ರ ಈ ಲೆಕ್ಕದ ಹೊರಗೆ, ಅದರ ಪ್ರಮಾಣ ವಯಸ್ಸಿನ ಮೇಲೆ. ದಪ್ಪ ಬೆನ್ನಿನಲ್ಲಿ ಮೂಳೆಯ ಸಂದು ಕೈಗೆ ಸಿಗುವುದು ಕಷ್ಟ, ಎರಡು ಸಲ ಚುಚ್ಚಬೇಕಾದೀತು. ಆಗ ಬೇಜಾರು ಮಾಡಿಕೊಳ್ಳಬೇಡಿ.

ಪೂರ್ತಿ ಔಷಧಿ ಕೊಟ್ಟಾಗ ತೊಂದರೆಯೂ ದಪ್ಪ ಮಕ್ಕಳಲ್ಲಿ ಸ್ವಲ್ಪ ಹೆಚ್ಚೇ. ಇದನ್ನು ಮುಚ್ಚಿಡುವುದಿಲ್ಲ. ಆಸ್ಪರಾಜಿನೇಸ್ ನಡೆದಾಗ ಲಿವರ್ ಬೇಗ ಮುನಿಯುತ್ತದೆ. ಮೇದೋಜೀರಕ ಗ್ರಂಥಿ ಊದಬಹುದು. ಸ್ಟೀರಾಯ್ಡ್ ಜೊತೆ ಸೇರಿದಾಗ ಸಕ್ಕರೆ ಏರುತ್ತದೆ, ಕೆಲವರಿಗೆ ಕೆಲವು ದಿನ ಇನ್ಸುಲಿನ್ ಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟಬಹುದು. ಮನೆಯಲ್ಲಿ ನೀವು ಗಮನಿಸಬೇಕಾದ್ದು ಇಷ್ಟು. ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹೊಡೆದು ವಾಂತಿ ಆದರೆ, ಕಣ್ಣು ಹಳದಿ ಕಂಡರೆ, ಪದೇ ಪದೇ ಮೂತ್ರ ಮತ್ತು ತೀರದ ದಾಹ ಇದ್ದರೆ, ಒಂದೇ ಕಾಲು ಬಾತರೆ, ಎಂದೂ ಇಲ್ಲದ ತಲೆನೋವು ಬಂದರೆ, ಅದೇ ದಿನ ಫೋನ್ ಮಾಡಿ. ಕಣ್ಣು ಹಳದಿ ಆಯಿತು ಅಂತ ಯಾರಾದರೂ ಕಾಮಾಲೆಯ ನಾಟಿ ಔಷಧಿ ತಂದರೆ ಬಾಗಿಲಲ್ಲೇ ತಡೆಯಿರಿ. ಆಗಲೇ ದಣಿದ ಲಿವರ್‌ಗೆ ಅದು ಇನ್ನೊಂದು ಏಟು. ತಿಂಗಳುಗಳ ಮೇಲೆ ಸೊಂಟ ಅಥವಾ ಮೊಣಕಾಲು ನೋವು ಅಂತ ಕುಂಟಿದರೆ ‘ಆಟ ಆಡ್ಯಾನ’ ಅಂತ ಬಿಡಬೇಡಿ. ಸ್ಟೀರಾಯ್ಡ್‌ನಿಂದ ಮೂಳೆಗೆ ರಕ್ತ ನಿಂತು ಹೋಗುವ ತೊಂದರೆ ಹತ್ತು ದಾಟಿದ, ದಪ್ಪಗಿರುವ ಮಕ್ಕಳಲ್ಲಿ ಜಾಸ್ತಿ.

ಜ್ವರಕ್ಕೆ ಮಾತ್ರ ಫೋನ್ ಮಾಡಿ ಕಾಯುವುದಲ್ಲ, ಹೊರಡುವುದೇ. 100.4 ಫ್ಯಾರನ್‌ಹೀಟ್ ಮುಟ್ಟಿದರೆ ಸಾಕು. ಜಮಖಂಡಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ತಾಸುಗಟ್ಟಲೆ ಹಾದಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಆಂಟಿಬಯೋಟಿಕ್ ಹಾಕಿಸಿಕೊಂಡು ಆಮೇಲೆ ಹೊರಡಿ. ಯಾವ ಔಷಧಿ, ಎಷ್ಟು ಅಂತ ನಿಮ್ಮ ಡಾಕ್ಟರ ಕೈಯಿಂದ ಒಂದು ಚೀಟಿ ಈಗಲೇ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ನು ಊಟ. ಉಪವಾಸ ಬೇಡ. ಶ್ರಾವಣ ಸೋಮವಾರ, ಏಕಾದಶಿ ಯಾವುದೂ ಅವನಿಗಿಲ್ಲ. ಲಾಸ್ ಏಂಜಲೀಸ್‌ನ ಅದೇ ಗುಂಪು 2021ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿತು. ಹತ್ತರಿಂದ ಇಪ್ಪತ್ತೊಂದು ವರ್ಷದ 40 ಮಂದಿಗೆ ಇಂಡಕ್ಷನ್ ತಿಂಗಳಲ್ಲಿ ಊಟ ತಗ್ಗಿಸಿ, ವ್ಯಾಯಾಮ ಮಾಡಿಸಿ, ಎರಡೂ ಸೇರಿ ಮೈಗೆ ಬೇಕಾದದ್ದಕ್ಕಿಂತ ಶೇ 20ರಷ್ಟಾದರೂ ಕ್ಯಾಲೊರಿ ಕಡಿಮೆ ಬೀಳುವ ಹಾಗೆ ನೋಡಿಕೊಂಡರು. ಹಿಂದಿನ ಮಕ್ಕಳ ಜೊತೆ ಹೋಲಿಸಿದಾಗ ಎಂ.ಆರ್.ಡಿ. ಉಳಿಯುವ ಸಾಧ್ಯತೆ ಕಡಿಮೆ ಕಂಡಿತು. ಬರೇ ಊಟ-ನಡಿಗೆಯಿಂದ ಕಿಮೋ ಹೆಚ್ಚು ನಾಟಬಹುದು ಅನ್ನೋದು ನನಗೆ ರೋಮಾಂಚನ ತಂದ ಸುದ್ದಿ. ಆದರೆ ಅಲ್ಲಿ ಪ್ರತಿ ಮಗುವಿನ ಹಿಂದೆ ಆಹಾರ ತಜ್ಞರು ಇದ್ದರು, ಪ್ರೋಟೀನ್ ಲೆಕ್ಕ ಇತ್ತು. ಅದು ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗವೂ ಅಲ್ಲ. ಅದನ್ನು ಓದಿ ಮನೆಯಲ್ಲಿ ರೊಟ್ಟಿ ಎಣಿಸಲು ಹೋಗಬೇಡಿ. ನಿಮ್ಮ ಆಸ್ಪತ್ರೆಯ ಡಯಟಿಷಿಯನ್ ಜೊತೆ ಕೂತು ಪಟ್ಟಿ ಮಾಡಿಸಿ.

ನನ್ನ ಅಂದಾಜಿನಲ್ಲಿ ನಿಮ್ಮ ಮನೆಯ ರೊಟ್ಟಿ ತೊಂದರೆ ಕೊಟ್ಟಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಬೇಳೆ, ಬೇಯಿಸಿದ ಸೊಪ್ಪು, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು: ಇದಕ್ಕಿಂತ ಒಳ್ಳೆಯ ತಟ್ಟೆ ನಾನೂ ಬರೆದುಕೊಡಲಾರೆ. ಮೊಟ್ಟೆ ನಡೆಯುತ್ತಿದ್ದರೆ ಪೂರ್ತಿ ಬೆಂದದ್ದು ಕೊಡಿ. ತೊಂದರೆ ಇರೋದು ಊಟದ ನಡುವಿನ ಹೊತ್ತಿನಲ್ಲಿ. ಮಾತಾಡಿಸಲು ಬಂದವರೆಲ್ಲ ಏನಾದರೂ ಹಿಡಿದು ಬರುತ್ತಾರೆ. ಬೆಳಗಾವಿಯಿಂದ ಬಂದ ಕಾಕಾ ಕುಂದಾ ತರುತ್ತಾರೆ, ಸೋದರತ್ತೆ ಬಿಸ್ಕಿಟ್ ಪುಡಿಕೆ, ಪಕ್ಕದ ಮನೆಯವರು ಬಾಟಲಿ ಜ್ಯೂಸ್, ಯಾರೋ ಚಾಕೊಲೆಟ್ ರುಚಿಯ ತಾಕತ್ತಿನ ಪುಡಿ. ಆ ಪುಡಿಯ ಡಬ್ಬಿ ತಿರುಗಿಸಿ ಓದಿ, ಹೆಚ್ಚಿನವುಗಳಲ್ಲಿ ಸಕ್ಕರೆಯೇ ಮೊದಲ ಸಾಲುಗಳಲ್ಲಿರುತ್ತದೆ. ಸಂಜೆಯ ಗಿರಮಿಟ್, ಮಿರ್ಚಿ ಭಜಿಯನ್ನೂ ಸದ್ಯಕ್ಕೆ ಬಿಡಿ. ಎಣ್ಣೆ ಒಂದು ಕಾರಣ, ರಕ್ತದ ಬಿಳಿಕಣಗಳ ಕೌಂಟ್ ಕಡಿಮೆ ಇದ್ದಾಗ ನಂಜಿನ ಭಯ ತರುವ ಹೊರಗಿನ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಇನ್ನೊಂದು. ಕಬ್ಬಿನ ಹಾಲೂ ಅದೇ ಗುಂಪಿಗೆ. ಊರಲ್ಲಿ ಕಬ್ಬೇ ಕಬ್ಬು, ಆಸೆ ಆಗೋದು ಸಹಜ. ಬೇಡ.

ಮುಂದೆ ಮತ್ತೆ ಸ್ಟೀರಾಯ್ಡ್ ವಾರಗಳು ಬರುತ್ತವೆ. ಆಗ ರಾತ್ರಿ ಎರಡಕ್ಕೆ ಎದ್ದು ‘ಅವ್ವಾ, ಹಸಿವಿ ಆಗೇತಿ’ ಅಂತಾನೆ. ಇಂಡಕ್ಷನ್‌ನಲ್ಲಿ ಆಗಿರಬೇಕು, ನಿಮಗೆ ಗೊತ್ತು. ಅದು ತಿಂಡಿಪೋತತನ ಅಲ್ಲ, ಬೈದರೆ ಹೋಗದು. ಮೆದುಳಿನ ಹಸಿವಿನ ಗುಂಡಿಯನ್ನೇ ಔಷಧಿ ಒತ್ತಿ ಹಿಡಿದಿರುತ್ತದೆ. ಒಬ್ಬ ತಾಯಿ ನನಗೆ ಹೇಳಿದ ಉಪಾಯ ಇದು. ಮಲಗುವ ಮೊದಲೇ ಒಂದು ಬಟ್ಟಲು ಬೇಯಿಸಿದ ಹೆಸರುಕಾಳು, ಅರ್ಧ ರೊಟ್ಟಿ, ಒಂದು ಲೋಟ ಕಡಿಮೆ ಉಪ್ಪಿನ ಮಜ್ಜಿಗೆ ತೆಗೆದು ಮುಚ್ಚಿ ಫ್ರಿಜ್ಜಿನಲ್ಲಿ ಇಡುತ್ತಿದ್ದರಂತೆ. ಎದ್ದಾಗ ಬಿಸಿ ಮಾಡಿ ಅದನ್ನೇ ಕೊಡುವುದು, ಅದು ಮುಗಿದರೆ ಅಡುಗೆಮನೆ ಬಂದ್. ನಿದ್ದೆಗಣ್ಣಿನಲ್ಲಿ ಬಿಸ್ಕಿಟ್ ಡಬ್ಬಿ ಹುಡುಕುವ ಕೆಲಸವೇ ಇಲ್ಲ. ಆ ವಾರಗಳಲ್ಲಿ ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿದರೆ ಊತವೂ ತಗ್ಗುತ್ತದೆ. ಶೇಂಗಾ ಹಿಂಡಿ ಚಮಚದಲ್ಲಿ ಇರಲಿ, ಬಟ್ಟಲಲ್ಲಿ ಬೇಡ.

ಗುರಿ ಎಷ್ಟು ಅಂದರೆ, ತಿಂಗಳಿಗೆ ಇಷ್ಟು ಕೆ.ಜಿ. ಇಳಿಸಿ ಅಂತ ನಾನು ಹೇಳಲ್ಲ. ಊತ ಇಳಿದ ಮೇಲೆ ತೂಕ 56ರ ಆಸುಪಾಸಿಗೆ ಬರಲಿ, ಅಲ್ಲಿಂದ ನಿಧಾನಕ್ಕೆ ಕೆಳಗೆ ಸರಿಯಲಿ. ಬೆಳೆಯುವ ಹುಡುಗ, ಎತ್ತರ ಏರಿದಂತೆ ಬಿ.ಎಂ.ಐ. ತಾನೇ ಇಳಿಯುತ್ತದೆ. ಒಂದೇ ವಾರದಲ್ಲಿ ಎರಡು ಮೂರು ಕೆ.ಜಿ. ಇಳಿದರೆ ಖುಷಿ ಪಡಬೇಡಿ, ಡಾಕ್ಟರಿಗೆ ಹೇಳಿ.

ಯಾಕಂದರೆ ಇಳಿದದ್ದು ಸ್ನಾಯುವೂ ಆಗಿರಬಹುದು. ಸ್ಟೀರಾಯ್ಡ್ ತೊಡೆಯ ಸ್ನಾಯು ಕರಗಿಸುತ್ತದೆ, ವಿಂಕ್ರಿಸ್ಟಿನ್ ಪಾದದ ನರಗಳನ್ನು ಸೋಲಿಸುತ್ತದೆ. ತೂಕದ ಯಂತ್ರಕ್ಕೆ ಇದು ಕಾಣುವುದಿಲ್ಲ. ಸ್ನಾಯು ಹೋಗಿ ಕೊಬ್ಬು ಬಂದರೂ ಅದು ಅದೇ 61 ತೋರಿಸುತ್ತದೆ. ನೀವು ಹುಡುಗನನ್ನೇ ನೋಡಿ. ಕುಕ್ಕರುಗಾಲಲ್ಲಿ ಕೂತವನು ಕೈ ಊರದೆ ಏಳುತ್ತಾನಾ? ಮೆಟ್ಟಿಲು ಏರುವಾಗ ಗೋಡೆ ಹಿಡಿಯುತ್ತಾನಾ? ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತದಾ, ಮುಂಗಾಲು ನೆಲಕ್ಕೆ ಟಪ್ ಅಂತ ಬೀಳುತ್ತದಾ? ಚಪ್ಪಲಿ ಜಾರುವುದನ್ನು ಒಬ್ಬ ಅಜ್ಜ ನನಗಿಂತ ಮೊದಲು ಗಮನಿಸಿದ್ದರು, ನಾನು ಹಾಸಿಗೆಯ ಮೇಲೆ ಮಲಗಿಸಿ ಪರೀಕ್ಷೆ ಮಾಡಿ ಎಲ್ಲಾ ಸರಿ ಇದೆ ಅಂದಿದ್ದೆ. ಹೀಗೆ ಕಂಡರೆ ಫಿಸಿಯೋಥೆರಪಿ ಬೇಗ ಶುರು ಮಾಡಿಸಬೇಕು. ಪ್ಲೇಟ್‌ಲೆಟ್ ತೀರ ಕಡಿಮೆ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ಹತ್ತು, ಸಂಜೆ ಹತ್ತು ನಿಮಿಷ ಅಂಗಳದಲ್ಲೇ ನಡೆಸಿ, ಬಂದಂತೆ ಹೆಚ್ಚಿಸಿ. ದಪ್ಪ ಹುಡುಗ, ಕಾಯಿಲೆಯವನು ಅಂತ ಇಡೀ ದಿನ ಮೊಬೈಲ್ ಕೊಟ್ಟು ಮಲಗಿಸುವುದು ಕುಂದಾಗಿಂತ ದೊಡ್ಡ ತಪ್ಪು.

ಮೇಂಟೆನೆನ್ಸ್ ಬಂದ ಮೇಲೆ ಮನೆಯಲ್ಲೇ ಮಾತ್ರೆ. ಮರ್ಕ್ಯಾಪ್ಟೊಪ್ಯೂರಿನ್ ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಈ ಮೆಥೊಟ್ರೆಕ್ಸೇಟ್ ಹುಟ್ಟಿದ್ದು ನಮ್ಮ ಪಕ್ಕದ ಆಂಧ್ರದ ಭೀಮವರಂನಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ನಡೆಸಿದ ಲ್ಯಾಬಿನಲ್ಲಿ. ವಾರಕ್ಕೆ ಒಂದೇ ದಿನ ಅನ್ನೋದನ್ನು ಮರೆತು ಈ ಮಾತ್ರೆ ದಿನಾ ಕೊಟ್ಟರೆ ಪ್ರಾಣಕ್ಕೇ ಬರುತ್ತದೆ. ಕ್ಯಾಲೆಂಡರ್‌ನಲ್ಲಿ ಆ ಒಂದು ದಿನಕ್ಕೆ ಕೆಂಪು ಗೆರೆ ಹಾಕಿ. ‘ರಕ್ತ ಆಗಲಿ’ ಅಂತ ಯಾರೋ ಕೊಟ್ಟ ಟಾನಿಕ್ ಕುಡಿಸಬೇಡಿ. ಅದರಲ್ಲಿ ಫೋಲಿಕ್ ಆಸಿಡ್ ಇದ್ದರೆ ಇದೇ ಮಾತ್ರೆಗೆ ಅಡ್ಡ ಬರುತ್ತದೆ. ಹೆಚ್ಚಿನ ಕಡೆ ಈ ಹಂತದಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ. ಆಗ ತೂಕ ಮತ್ತೆ ಸದ್ದಿಲ್ಲದೆ ಏರುವುದುಂಟು. ಗುಣವಾದ ಮಕ್ಕಳಲ್ಲೂ ಎಷ್ಟೋ ಜನ ದೊಡ್ಡವರಾಗುವ ಹೊತ್ತಿಗೆ ಬೊಜ್ಜು, ಸಕ್ಕರೆ ಅಂತ ಬರುತ್ತಾರೆ. ಹಾಗಾಗಿ ಈಗ ಹಾಕಿದ ರೂಢಿ ಆಗಲೂ ಬೇಕಾಗುತ್ತದೆ.

ಅತ್ತೆಯವರ ಜೊತೆ ಜಗಳ ಬಿಡಿ. ಅವರನ್ನೇ ನಿಮ್ಮ ಕಡೆ ಎಳೆದುಕೊಳ್ಳಿ. ಸೋಮವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ಯಂತ್ರದ ಮೇಲೆ ಮೊಮ್ಮಗನ ತೂಕ ನೋಡಿ ವಹಿಯಲ್ಲಿ ಬರೆಯಿಸುವ ಕೆಲಸ ಅವರಿಗೆ ಕೊಡಿ. ರಾತ್ರಿಯ ಬಟ್ಟಲನ್ನೂ ಅವರೇ ತುಂಬಿಡಲಿ. ತಿನ್ನಿಸುವ ಕೈಯನ್ನು ಸುಮ್ನೆ ಕಟ್ಟಿ ಹಾಕಿದರೆ ಅದು ಕದ್ದು ತಿನ್ನಿಸುತ್ತದೆ, ನೀವೂ ನೋಡಿರುತ್ತೀರಿ.

ಕರದಂಟು ಕೊಡಬಹುದು. ಹುಟ್ಟುಹಬ್ಬದ ದಿನ ಸ್ಟೀರಾಯ್ಡ್ ನಡೆಯುತ್ತಿಲ್ಲ, ಸಕ್ಕರೆ ಸರಿಯಾಗಿದೆ, ಹಿಂದಿನ ಎರಡು ವಾರದಲ್ಲಿ ಆಸ್ಪರಾಜಿನೇಸ್ ಹಾಕಿಲ್ಲ ಅಂತಾದರೆ ಒಂದು ತುಂಡು ಕೊಡಿ. ಹಾಕಿದ್ದರೆ ಡಾಕ್ಟರನ್ನು ಕೇಳಿ. ಬೆಲ್ಲ, ಅಂಟು, ತುಪ್ಪ, ಗೋಡಂಬಿ ಸೇರಿದ 50 ಗ್ರಾಂನ ತುಂಡಿನಲ್ಲಿ 200 ಕ್ಯಾಲೊರಿಗೂ ಮೇಲೆ ಇರುತ್ತದೆ, ಒಂದೂವರೆ ರೊಟ್ಟಿಯಷ್ಟಾಯಿತು. ಡಬ್ಬಿ ತರಬೇಡಿ. ಅತ್ತೆಯವರ ಕೈಯಲ್ಲೇ ಅವತ್ತು ಬೆಳಿಗ್ಗೆ ಅಂಟು ಹುರಿದು ಮಾಡಿಸಿ, ಬಿಸಿ ಆರುವ ಮೊದಲೇ ಮನೆಮಂದಿಗೆಲ್ಲ ಹಂಚಿ ಮುಗಿಸಿಬಿಡಿ. ಮರುದಿನಕ್ಕೆ ಉಳಿಯಬಾರದು.